ಬೆಂಚಿನ ಮೇಲಿನ ಪಾತ್ರೆಗಳು

ಪಾತ್ರೆ ಕೈಗೆ ಬಂದ ಕೂಡಲೇ ಅವರು ಅದನ್ನು ಮಗುಚಿ ಹಿಡಿದು, ಬೆರಳಿನ ಗೆಣ್ಣಿನಿಂದ ತಳಕ್ಕೆ ಒಮ್ಮೆ ಬಡಿಯುತ್ತಿದ್ದರು. ಕಿವಿ ಸ್ವಲ್ಪ ವಾಲಿಸಿ ಆ ಸದ್ದು ಕೇಳಿಸಿಕೊಳ್ಳುತ್ತಿದ್ದರು. ತೂತು ಬಿದ್ದಿದ್ದರೆ, ಬೆಸುಗೆ ಬಿಟ್ಟಿದ್ದರೆ ಅಷ್ಟರಲ್ಲೇ ತಿಳಿಯುತ್ತಿತ್ತಂತೆ. ಆಮೇಲೆ ಹಂಡೆಯಿಂದ ಒಂದು ಚೊಂಬು ಬಿಸಿನೀರು ಅದಕ್ಕೆ ಸುರಿದು, ಕುಲುಕಿ, ಚರಂಡಿಗೆ ಚೆಲ್ಲಿ, ಅದಾದ ಮೇಲೆಯೇ ಸಾರು ಹಾಕುತ್ತಿದ್ದರು. "ತಣ್ಣಗಿರೋ ಪಾತ್ರೇಗೆ ಸಾರು ಉಯ್ದ್ರೆ ಅರ್ಧ ಬಿಸೀನ ಪಾತ್ರೆನೇ ತಿನ್ಕೊಂಡ್ಬಿಡ್ತದೆ" ಎನ್ನುತ್ತಿದ್ದರು.

ಅವರ ಅಂಗಡಿ ಇದ್ದದ್ದು ಯಶವಂತಪುರದಲ್ಲಿ, ರೈಲ್ವೆ ಗೇಟಿನಿಂದ ನಾಲ್ಕು ಹೆಜ್ಜೆ ಈಚೆಗೆ. ನಾನು ಹೇಳುತ್ತಿರುವುದು ಐವತ್ತರ ದಶಕದ ಕೊನೆಯ ಮಾತು. ಈಗ ನನಗೆ ಎಂಬತ್ತೇಳು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ತಂಗಿಯ ಮಕ್ಕಳು, ಮೊಮ್ಮಕ್ಕಳು ಯಲಹಂಕದಲ್ಲಿದ್ದಾರೆ. ಅವರನ್ನು ಕೇಳದೆ ಬರೆಯುವುದು ಸರಿಯಲ್ಲ. ಕೇಳಲು ಹೋದರೆ ಯಾಕೆ ಎಂದು ಕೇಳುತ್ತಾರೆ. ಆ ಯಾಕೆ ಎಂಬುದಕ್ಕೆ ಉತ್ತರ ಈ ಬರಹದಲ್ಲೇ ಇದೆ, ಓದುತ್ತಾ ಹೋದರೆ ಸಿಗುತ್ತದೆ. ಬೀದಿಯವರೆಲ್ಲ ಅವರನ್ನು ಅಣ್ಣ ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ.

ಮೊದಲು ಅದು ದಿನಸಿ ಅಂಗಡಿ. ಬೇಳೆ, ಅಕ್ಕಿ, ಬೆಲ್ಲ, ಸೀಮೆಎಣ್ಣೆ, ಹುಣಸೆಹಣ್ಣು. ಮುಂದಿನ ಜಗಲಿಯ ಮೇಲೆ ಒಂದು ಹಲಸಿನ ಮರದ ಬೆಂಚು. ಪ್ರತಿದಿನ ಬೆಳಿಗ್ಗೆ ಆ ಬೆಂಚಿನ ಮೇಲೆ ಕೂತು ನಾನು ಪೇಪರ್ ಓದುತ್ತಿದ್ದೆ. ನನಗೆ ಮಾತ್ರವಲ್ಲ, ಏಳೆಂಟು ಜನಕ್ಕೆ, ಗಟ್ಟಿಯಾಗಿ. ನಮ್ಮ ಬೀದಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗಿದ್ದವನು ನಾನೊಬ್ಬನೇ. ಮರದ ಡಿಪೋದಲ್ಲಿ ಗುಮಾಸ್ತ. ಕಾಗದ, ಅರ್ಜಿ, ಮದುವೆಯ ಲಗ್ನಪತ್ರಿಕೆ ಎಲ್ಲವನ್ನೂ ನನ್ನಿಂದಲೇ ಬರೆಸುತ್ತಿದ್ದರು. ರೈಲ್ವೆ ಹಳಿ ರಿಪೇರಿ ಮಾಡುವ ಗ್ಯಾಂಗ್‌ಮನ್ ಒಬ್ಬ ನನ್ನನ್ನು ರೇಡಿಯೋ ಎಂದೇ ಕರೆಯುತ್ತಿದ್ದ. "ಬಂತು ನಮ್ ರೇಡಿಯೋ. ತಿರುವ್ರಪ್ಪಾ ಕಿವಿ" ಎಂದರೆ ಎಲ್ಲರೂ ನಗುತ್ತಿದ್ದರು. ನಾನು ಸಿಟ್ಟಾದಂತೆ ಮುಖ ಮಾಡುತ್ತಿದ್ದೆ, ಒಳಗೆ ಖುಷಿಯಾಗುತ್ತಿತ್ತು.

ಅಂಗಡಿ ಬದಲಾದದ್ದೂ ಈ ಗ್ಯಾಂಗ್‌ಮನ್ನಿನಿಂದಲೇ. ಅಣ್ಣನ ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ತಾವೇ ಅಡುಗೆ ಮಾಡಿಕೊಳ್ಳುತ್ತಿದ್ದರು. ಒಂದು ಸಂಜೆ ಗ್ಯಾಂಗ್‌ಮನ್ ಅರ್ಧ ಸೇರು ತೊಗರಿಬೇಳೆ ಕೇಳಿದ. ಅಣ್ಣ ಅಳೆದು, ಕಾಗದದಲ್ಲಿ ಪೊಟ್ಟಣ ಕಟ್ಟಿದರು. ಅವನು ಕೈ ಚಾಚಲಿಲ್ಲ.

"ಈ ಬೇಳೆ ಬ್ಯಾಡ ಕಣಣ್ಣ. ಒಳಗ್ ಬೇಯ್ತಾ ಐತಲ್ಲ, ಆ ಬೇಳೆ ಕೊಡು."

"ಅದು ನನ್ ಊಟ ಕಣೋ."

"ನಿಂದೇ ಕೊಡು. ದಿನಾ ಬೇಳೆ ತಗೊಂಡೋಗ್ತೀನಿ, ದಿನಾ ಸೀಯಿಸ್ತೀನಿ. ನನ್ ರೂಮಿನೋರು ನನ್ನ ಹಳಿ ಮೇಲೆ ಮಲಗಿಸ್ತಾರೆ ಇನ್ನೊಂದ್ ದಿನ ಹಿಂಗಾದ್ರೆ."

ಅಣ್ಣ ನಕ್ಕು ಒಳಗೆ ಹೋಗಿ ಅವನ ಡಬರಿಗೆ ಸಾರು ಹಾಕಿ ಕೊಟ್ಟರು. ಕಟ್ಟಿದ್ದ ಪೊಟ್ಟಣವನ್ನು ಬಿಚ್ಚಿ ಬೇಳೆಯನ್ನು ಮತ್ತೆ ಮೂಟೆಗೆ ಸುರಿದರು. ಸುರಿದವರು ಆ ಮೂಟೆಯನ್ನೇ ನೋಡುತ್ತಾ ಸ್ವಲ್ಪ ಹೊತ್ತು ನಿಂತಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅದಾದ ಮೇಲೆ ಆರು ತಿಂಗಳಲ್ಲಿ ಮೂಟೆಗಳು ಒಂದೊಂದಾಗಿ ಖಾಲಿಯಾದವು, ಹೊಸದು ಬರಲಿಲ್ಲ. ತಕ್ಕಡಿಯನ್ನು ಮಾರಿದರು. ಅಂಗಡಿಯ ಮುಂಭಾಗದಲ್ಲೇ ಜೇಡಿಮಣ್ಣಿನ ಜೋಡಿ ಒಲೆ ಹಾಕಿಸಿದರು. ದಿನಕ್ಕೊಂದು ಸಾರು: ಹುರುಳಿಕಾಳು, ಬಸ್ಸಾರು, ಸೊಪ್ಪಿನ ಹುಳಿ, ಕಾಲ ಬಂದಾಗ ಅವರೆಕಾಳು. ಜೊತೆಗೊಂದು ಪಲ್ಯ. ಅಷ್ಟೇ. ಮುದ್ದೆಯಿಲ್ಲ, ಅನ್ನವಿಲ್ಲ. ಕೂತು ತಿನ್ನಲು ಜಾಗವಿಲ್ಲ. ಪಾತ್ರೆ ತರಬೇಕು, ತುಂಬಿಸಿಕೊಂಡು ಮನೆಗೆ ಹೋಗಬೇಕು.

ನಮಗೆಲ್ಲ ಇದು ವಿಚಿತ್ರವಾಗಿ ಕಂಡಿತು. ಇಡ್ಲಿ, ದೋಸೆ, ಬೋಂಡ ಮಾರುವವರಿದ್ದರು. ಮನೆಯ ಸಾರನ್ನು ಅಂಗಡಿಯಲ್ಲಿ ಮಾರುವುದನ್ನು ಯಾರೂ ಕಂಡಿರಲಿಲ್ಲ. ಮೂಲೆಮನೆಯ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಬಂದು ನಿಂತರು.

"ಅನ್ನ ಮಾರೋದು ಪಾಪ ಅಂತ ನಿಮ್ಮವ್ವ ಹೇಳ್ಕೊಟ್ಟಿರ್ಲಿಲ್ವೇನೋ?"

"ಹೇಳ್ಕೊಟ್ಟಿದ್ಲು ಅಜ್ಜಿ. ಅದ್ಕೇ ಅನ್ನ ಮಾರಲ್ಲ, ಮುದ್ದೇನೂ ಮಾರಲ್ಲ. ಅದ್ನ ಮನೇಲಿ ಮಾಡ್ಕೊಳ್ಲಿ. ಸಾರು ಮಾತ್ರ ನಂದು."

"ಅದೇನ್ ನ್ಯಾಯವೋ ನಿಂದು. ಎಲ್ಲಾ ಜಾತಿ ಪಾತ್ರೆನೂ ಒಂದೇ ಸೌಟಲ್ಲಿ ತುಂಬ್ತೀಯಂತೆ?"

ಅಣ್ಣ ಸೌಟನ್ನು ಒಂದು ಗೇಣು ಮೇಲೆ ಹಿಡಿದು, ಪಾತ್ರೆಗೆ ಸಾರನ್ನು ಧಾರೆಯಾಗಿ ಬಿಟ್ಟು ತೋರಿಸಿದರು. ಒಂದು ತೊಟ್ಟು ಆಚೆ ಬೀಳಲಿಲ್ಲ. "ಸಾರು ಕೆಳಗ್ ಬೀಳ್ತದೆ ಅಜ್ಜಿ, ಸೌಟು ಕೆಳಗ್ ಬರಲ್ಲ. ಇನ್ನೇನು?" ತಿಂಗಳೊಪ್ಪತ್ತಿನಲ್ಲಿ ಅಜ್ಜಿಯ ಹಿತ್ತಾಳೆ ತಪ್ಪಲೆಯೂ ಬಂತು. ಅದರ ಪಕ್ಕದಲ್ಲೇ ಎದುರು ಓಣಿಯ ಬೀಬಿಯವರ ಪಿಂಗಾಣಿ ಬಟ್ಟಲು ಇರುತ್ತಿತ್ತು.

ಕೂರಲು ಜಾಗ ಯಾಕೆ ಕೊಡುವುದಿಲ್ಲ ಎಂದು ಒಮ್ಮೆ ಕೇಳಿದೆ. ನಾನು ಕೇಳಿದ್ದರಲ್ಲಿ ಕೊಂಕಿತ್ತು. ಅವರು ಸರಳವಾಗಿಯೇ ಹೇಳಿದರು:

"ಕೂರಿಸಿದ್ರೆ ಹೋಟ್ಲಾಯ್ತದೆ ಕಣಪ್ಪ. ಹೋಟ್ಲಿಗೆ ಯಾರ್ ಬತ್ತಾರೆ? ಗಂಡಸ್ರು. ಬಿಸಿ ಬಿಸಿ ತಿಂದು ಬಾಯಿ ಒರೆಸ್ಕೊಂಡು ಓಯ್ತಾರೆ. ಪಾತ್ರೇಲಿ ತಗೊಂಡೋದ್ರೆ ಮನೇಲಿ ಎಲ್ರೂ ತಿಂತಾರೆ."

ಮಲ್ಲೇಶ್ವರದ ಕಡೆ ನೂಲಿನ ಮಿಲ್ಲಿಗೆ ಹೋಗುತ್ತಿದ್ದ ಹೆಂಗಸರು ಸಂಜೆ ಬರುತ್ತಾ ಅವರ ಅಂಗಡಿಯಲ್ಲಿ ಬೇಳೆ ಕೊಳ್ಳುತ್ತಿದ್ದುದನ್ನು ಅವರು ಹತ್ತು ವರ್ಷ ನೋಡಿದ್ದರು. ಬೇಳೆ ಬೇಯಲು ಎಷ್ಟು ಹೊತ್ತು ಬೇಕು, ಆ ಮನೆಗಳಲ್ಲಿ ಎಷ್ಟು ಹೊತ್ತಿಗೆ ಊಟವಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ನಾನೂ ಅದೇ ಜಗಲಿಯ ಮೇಲೆ ಕೂತಿದ್ದವನು. ನನಗೆ ಗೊತ್ತಿರಲಿಲ್ಲ.

ಇನ್ನೊಂದು ಅಭ್ಯಾಸ ಹೇಳಬೇಕು. ತಾವು ಮಾಡಿದ ಸಾರಿನ ಉಪ್ಪನ್ನು ಅವರು ತಾವೇ ನೋಡುತ್ತಿರಲಿಲ್ಲ. ದಿನದ ಮೊದಲ ಗಿರಾಕಿ ಯಾರೋ ಅವರ ಅಂಗೈಗೆ ಒಂದು ತೊಟ್ಟು ಹಾಕಿ, "ಉಪ್ಪು ನೋಡಿ" ಎನ್ನುತ್ತಿದ್ದರು. ಸಾಲದು ಎಂದರೆ ಹಾಕುತ್ತಿದ್ದರು, ಸರಿ ಎಂದರೆ ಬಿಡುತ್ತಿದ್ದರು. "ನಮ್ಮನೆಯೋಳು ಇರೋಗಂಟ ಅವಳೇ ನೋಡ್ತಿದ್ಲು. ನಾನ್ ನೋಡಿದ್ರೆ ನಂಗ್ ಬೇಕಾದಂಗೆ ಆಯ್ತದೆ. ತಿನ್ನೋರು ನೀವು." ಮೊದಲನೆಯವರಾಗಿ ಉಪ್ಪು ನೋಡಬೇಕು ಎಂದೇ ಬೇಗ ಬರುವ ಹೆಂಗಸರಿದ್ದರು. ಅವರವರ ನಾಲಿಗೆಗೆ ತಕ್ಕಂತೆ ಇಡೀ ಬೀದಿಯ ಊಟ ಒಂದು ದಿನ ಸಪ್ಪೆ, ಒಂದು ದಿನ ಉಪ್ಪು.

ಮಾತಿಗೆ ನಿಂತವರನ್ನು ಅವರು ನಿಲ್ಲಲು ಬಿಡುತ್ತಿರಲಿಲ್ಲ. ಪಾತ್ರೆ ಕೈಗಿಟ್ಟು, "ಓಗು, ಸಾರು ಆರೋಯ್ತದೆ" ಎನ್ನುತ್ತಿದ್ದರು. ಸಾಲ ಕೇಳಲು ಬಂದವನಿಗೂ ಅದೇ ಮಾತು, ಹೊಗಳಲು ಬಂದವನಿಗೂ ಅದೇ.

ಇನ್ನು ಬೆಂಚಿನ ವಿಷಯ. ಜಗಲಿಯಲ್ಲಿ ಒಲೆ ಬಂದ ಮೇಲೆ ಬೆಂಚು ಒಳಗೆ ಹೋಯಿತು. ಕೆಲಸಕ್ಕೆ ಹೋಗುವವರು ಬೆಳಿಗ್ಗೆಯೇ ಪಾತ್ರೆ ಇಟ್ಟುಹೋದರೆ ಸಂಜೆ ತುಂಬಿಸಿಕೊಂಡು ಹೋಗಬಹುದು ಎಂದು ಅಣ್ಣ ಹೇಳಿದ್ದರು. ಹಾಗೆ ಬಂದ ಪಾತ್ರೆಗಳು ಆ ಬೆಂಚಿನ ಮೇಲೆ ಒಂದೊಂದು ಬೆರಳು ಅಂತರದಲ್ಲಿ ಸಾಲಾಗಿ ಕೂತವು. ನಾನು ಕೂರುತ್ತಿದ್ದ ಜಾಗದಲ್ಲಿ ಗ್ಯಾಂಗಿನವರ ದೊಡ್ಡ ಡಬರಿ. ಪೇಪರ್ ತರಿಸುವುದನ್ನೂ ನಿಲ್ಲಿಸಿದರು. ನಾನೇ ಒಂದು ಕೊಂಡು ತಂದು, ಒಲೆಯ ಮುಂದೆ ನಿಂತು ಓದಲು ನೋಡಿದೆ. "ಪಕ್ಕಕ್ ನಿಂತ್ಕೊಳೋ ರೇಡಿಯೋ, ಹೊಗೆ ತಿರುಗ್ತಾ ಐತೆ" ಎಂದ ಗ್ಯಾಂಗ್‌ಮನ್. ಯಾರೂ ಕೇಳಲಿಲ್ಲ.

ಆಗ ನಾನು ಹೊಗೆಯ ಬಗ್ಗೆ ಮಾತಾಡಲು ಶುರುಮಾಡಿದೆ. ಹೊಗೆ, ನೊಣ, ಬೀದಿಯ ಆರೋಗ್ಯ. ನಮ್ಮ ಮನೆಗೆ ಹೊಗೆ ಬರುತ್ತಿತ್ತು, ನಿಜ. ಆದರೆ ನನ್ನನ್ನು ಸುಟ್ಟದ್ದು ಅದಲ್ಲ. ಒಂದು ಬೆಂಚು ಹೋಯಿತೆಂದು ಒಬ್ಬ ಮನುಷ್ಯನ ಅನ್ನಕ್ಕೆ ಕೈ ಹಾಕಿದೆ ಎಂದು ಬರೆಯಲು ನನಗೆ ಅರವತ್ತು ವರ್ಷಕ್ಕಿಂತ ಹೆಚ್ಚು ಬೇಕಾಯಿತು.

ನಡೆದದ್ದು ಹೀಗೆ. ದಿನಸಿಗೆ ಇದ್ದ ಲೈಸೆನ್ಸು ಬೇಯಿಸಿದ ಪದಾರ್ಥಕ್ಕೆ ನಡೆಯುವುದಿಲ್ಲ, ಬೇರೆ ಬೇಕು ಎಂದು ಯಾರೋ ಅಣ್ಣನಿಗೆ ಹೇಳಿದರು. ಅವರು ನನ್ನ ಬಳಿಯೇ ಬಂದರು.

"ನೀನ್ ಓದಿದೋನು. ಒಂದ್ ಅರ್ಜಿ ಬರ್ಕೊಡಪ್ಪ. ಡಿಪೋ ಕೆಲ್ಸಕ್ಕೆ ಪೇಟೆ ಕಡೆ ಓಯ್ತಿರ್ತೀಯಲ್ಲ, ಆಫೀಸಿಗೂ ನೀನೇ ಕೊಟ್ಬಿಡು. ನಾನೋದ್ರೆ ಒಲೆ ಬಿಟ್ಟೋಗ್ಬೇಕು."

ಬರೆದೆ. ಚೆನ್ನಾಗಿಯೇ ಬರೆದೆ. ಅವರು ಹೆಬ್ಬೆಟ್ಟು ಒತ್ತಿದರು. ಅವರ ಹೆಬ್ಬೆರಳಿನಲ್ಲಿ ಅಡ್ಡಕ್ಕೆ ಒಂದು ಹಳೆಯ ಗಾಯವಿತ್ತು. ಒತ್ತಿದ ಗುರುತಿನ ನಡುವೆಯೂ ಒಂದು ಬಿಳಿಗೆರೆ ಮೂಡಿತು. "ಎಲ್ಲೋದ್ರೂ ಇದು ನಂದೇ ಅಂತ ಗೊತ್ತಾಯ್ತದೆ" ಎಂದು ನಕ್ಕರು.

ಒಂದು ವಾರ ಆ ಅರ್ಜಿ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಎಂಟನೆಯ ದಿನ ಡಿಪೋಗೆ ಅರ್ಧ ದಿನ ರಜೆ ಹಾಕಿ, ಅಡುಗೆಮನೆಯಲ್ಲಿ ಕೈಗೆ ಸಿಕ್ಕಿದ ಹಿಡಿಯಿರುವ ಪಾತ್ರೆಯೊಂದನ್ನು ತೆಗೆದುಕೊಂಡು ಅಣ್ಣನ ಅಂಗಡಿಗೆ ಹೋದೆ. ಅವತ್ತಿನ ಮೊದಲ ಗಿರಾಕಿ ನಾನೇ. ಅವರು ಪಾತ್ರೆಯ ತಳಕ್ಕೆ ಬಡಿದರು, ಬಿಸಿನೀರು ಹಾಕಿ ಕುಲುಕಿದರು. ನನ್ನ ಅಂಗೈಗೆ ಒಂದು ತೊಟ್ಟು ಹಾಕಿ, "ಉಪ್ಪು ನೋಡಪ್ಪ" ಎಂದರು.

ನೋಡಿದೆ. "ಸರಿಯಾಗಿದೆ ಅಣ್ಣ" ಎಂದೆ.

ಆ ಪಾತ್ರೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು ನೇರವಾಗಿ ಲೈಸೆನ್ಸಿನ ಆಫೀಸಿಗೆ ಹೋದೆ. ದೂರಿಗೆ ಸಾಕ್ಷಿ ಬೇಕು ಎಂದು ನನ್ನ ಬುದ್ಧಿವಂತಿಕೆ. ಅಲ್ಲಿದ್ದ ಅಧಿಕಾರಿ ಪಾತ್ರೆಯನ್ನೂ ನನ್ನನ್ನೂ ನೋಡಿದರು.

"ಏನ್ರೀ ಇದು, ಊಟ ಕಟ್ಟಿಸ್ಕೊಂಡ್ ಬಂದಿದ್ದೀರಿ?"

"ಸ್ಯಾಂಪಲ್ ಸಾರ್."

ಅಕ್ಕಪಕ್ಕದವರು ನಕ್ಕರು. ಅಧಿಕಾರಿ ನಗಲಿಲ್ಲ. ಅಂಗಡಿ ಎಲ್ಲಿ, ಯಾರದು ಎಂದು ಬರೆದುಕೊಂಡರು. ಆಮೇಲೆ ಕೇಳಿದರು: "ಲೈಸೆನ್ಸಿಗೆ ಅರ್ಜಿ ಏನಾದ್ರೂ ಹಾಕಿದ್ದಾರಾ ಅವರು?"

ಅರ್ಜಿ ನನ್ನ ಎದೆಯ ಮೇಲಿನ ಜೇಬಿನಲ್ಲಿತ್ತು. "ಇಲ್ಲ ಸಾರ್" ಎಂದೆ.

ಪಾತ್ರೆ ಅಲ್ಲೇ ಇಟ್ಟುಹೋಗಿ ಎಂದರು. ಎದುರಾಡದೆ ಇಟ್ಟು ಬಂದೆ. ಅರ್ಧ ದಾರಿಗೆ ಬಂದ ಮೇಲೆ ನೆನಪಾಯಿತು: ಅದು ನಮ್ಮ ತಾಯಿಗೆ ತವರಿನಿಂದ ಬಂದ ಪಾತ್ರೆ. ಹಿಡಿಯ ಕೆಳಗೆ ಪುಟ್ಟಲಕ್ಷ್ಮಮ್ಮ ಎಂದು ಚುಕ್ಕೆ ಚುಕ್ಕೆಯಾಗಿ ಹೆಸರು ಕೆತ್ತಿಸಿತ್ತು. ವಾಪಸು ಹೋಗಿ ಕೇಳುವ ಧೈರ್ಯ ಬರಲಿಲ್ಲ. ಅವ್ವ ಎರಡು ದಿನ ಮನೆಯೆಲ್ಲ ಹುಡುಕಿದಳು. ನಾನು ನೋಡಿಲ್ಲ ಎಂದೆ.

ಮೂರನೆಯ ದಿನ ಆಫೀಸಿನವರು ಬಂದು ಲೈಸೆನ್ಸು ಆಗುವವರೆಗೆ ಒಲೆ ಹಚ್ಚಬಾರದು ಎಂದು ನೋಟೀಸು ಕೊಟ್ಟು ಹೋದರು. ಅವರು ಮಾಡಿದ್ದು ಕಾನೂನಿನ ಪ್ರಕಾರವೇ. ಸಂಜೆ ಜನ ಬಂದು ತಮ್ಮ ತಮ್ಮ ಪಾತ್ರೆ ತೆಗೆದುಕೊಂಡು ಹೋದರು, ಖಾಲಿಯಾಗಿ. ಅಣ್ಣ ನನ್ನ ಬಳಿ ಬಂದು, "ನಮ್ ಅರ್ಜಿ ಬಂದೇ ಇಲ್ಲ ಅಂತಾರಲ್ಲಪ್ಪ" ಎಂದರು.

"ಎಲ್ಲೋ ಕಳೆದಿರ್ತಾರೆ ಅಣ್ಣ. ಆಫೀಸಲ್ವಾ."

ಅವರು ನನ್ನನ್ನು ಒಂದು ಕ್ಷಣ ನೋಡಿ, "ಇರಬೌದು" ಎಂದರು.

ದಿನಸಿಗೆ ಮರಳಲು ಮೂಟೆಯಿಲ್ಲ, ತಕ್ಕಡಿಯಿಲ್ಲ. ಒಲೆ ತಣ್ಣಗಿತ್ತು. ಒಳಗಿನ ಬೆಂಚು ಬರಿದಾಗಿತ್ತು. ನಾನು ಎಷ್ಟು ಕೀಳಾದೆನೆಂದರೆ, ಮರುದಿನ ಬೆಳಿಗ್ಗೆ ಪೇಪರ್ ತೆಗೆದುಕೊಂಡು ಹೋಗಿ ಆ ಬೆಂಚಿನ ಮೇಲೆ ಕೂತೆ. ಬೇರೆ ಯಾರೂ ಬರಲಿಲ್ಲ. "ಓದಪ್ಪ" ಎಂದು ಅಣ್ಣ ಪಕ್ಕದಲ್ಲಿ ಕೂತರು. ಅವರೊಬ್ಬರಿಗೇ ಓದಿದೆ. ಮೊದಲ ಪುಟ ಮುಗಿಸಿ ತಲೆಯೆತ್ತಿದೆ. ಅವರು ಒಲೆಯ ಕಡೆ ನೋಡುತ್ತಿದ್ದರು. "ನೆನ್ನೆ ಆ ಗ್ಯಾಂಗಿನೋರು ಏನ್ ಮಾಡ್ಕೊಂಡು ತಿಂದ್ರೋ" ಎಂದರು. ಎರಡನೆಯ ಪುಟ ತಿರುವಲು ನನ್ನಿಂದ ಆಗಲಿಲ್ಲ.

ಆಮೇಲೆ ಅವರೇ ಆಫೀಸಿಗೆ ಹೋದರು. ಒಮ್ಮೆಯಲ್ಲ, ನಾಲ್ಕೈದು ಸಲ. ಅಲ್ಲಿಯೇ ಯಾರಿಂದಲೋ ಬೇರೆ ಅರ್ಜಿ ಬರೆಸಿದರು. ಒಂದೂವರೆ ತಿಂಗಳಾದ ಮೇಲೆ ಲೈಸೆನ್ಸು ಬಂತು. ಆ ಸಂಜೆ ಒಲೆ ಹಚ್ಚಿ ಮೊದಲ ಸಾರು ಇಳಿಸಿ, ಅಂಗಡಿ ಮುಂದೆ ಜನ ಕಾಯುತ್ತಿರುವಾಗಲೇ, ಅವರು ನಮ್ಮ ಮನೆಯ ಬಾಗಿಲಿಗೆ ಬಂದರು. ಕೈಯಲ್ಲಿ ಅವ್ವನ ಪಾತ್ರೆ. ಹುಣಸೆಹಣ್ಣು ಹಾಕಿ ಉಜ್ಜಿ ಬೆಳಗಿದ್ದರು. ಬಾಯಿಯವರೆಗೆ ಅವರೆಕಾಳು ಸಾರು.

"ನಿಮ್ ಪಾತ್ರೆ ತಾಯಿ. ನನ್ನತ್ರ ಉಳ್ಕೊಂಡಿತ್ತು. ಖಾಲಿ ಕೊಡಬಾರ್ದಲ್ಲ, ಅದ್ಕೇ ಇಷ್ಟ್ ದಿನ ತಡ ಆಯ್ತು."

"ಅಯ್ಯೋ, ನಿಮ್ಮತ್ರ ಇತ್ತಾ? ನಾನು ಇವನ್ನ ಬೈದು ಬೈದು ಇಟ್ಟಿದ್ದೆ" ಎಂದಳು ಅವ್ವ. ಅಣ್ಣ ಬಾಗಿಲ ಹಿಂದೆ ನಿಂತಿದ್ದ ನನ್ನ ಕಡೆ ನೋಡಿದರು. "ಬಿಸಿ ಐತೆ, ಉಸಾರು" ಎಂದಷ್ಟೇ ಹೇಳಿ ಹೊರಟರು.

ಊಟವಾದ ಮೇಲೆ ಆ ಪಾತ್ರೆಯನ್ನು ನಾನೇ ತೊಳೆದೆ. ಎಷ್ಟು ಉಜ್ಜಿದರೂ ಹೋಗದೆ, ಹಿಡಿಯ ಸಂದಿನಲ್ಲಿ ಮೈದಾ ಅಂಟಿನ ಒಂದು ಚೂರು ಒಣಗಿ ಕೂತಿತ್ತು. ಆಫೀಸಿನಲ್ಲಿ ಲಕೋಟೆ ಅಂಟಿಸುವ ಅಂಟನ್ನು ಅದರಲ್ಲಿ ಇಟ್ಟಿದ್ದರೆಂದು ಕಾಣುತ್ತದೆ. ಬೀದಿಯ ಪ್ರತಿಯೊಂದು ಪಾತ್ರೆಯನ್ನೂ ಕಿವಿಯಿಂದಲೇ ಗುರುತಿಸುತ್ತಿದ್ದವರು, ಆ ಮೇಜಿನ ಮೇಲೆ ಇದನ್ನು ನೋಡಿದ್ದಾರೆ. ಕೇಳಿ ತಂದಿದ್ದಾರೆ. ಹೇಗೆ ಕೇಳಿದರು, ಏನೆಂದು ಹೇಳಿದರು, ಅಲ್ಲಿಂದ ನಡೆದು ಬರುವಾಗ ಏನು ಯೋಚಿಸಿದರು ಎಂಬುದನ್ನು ನಾನು ಇವತ್ತಿಗೂ ಊಹಿಸುತ್ತಲೇ ಇದ್ದೇನೆ. ಬೀದಿಯಲ್ಲಿ ಒಬ್ಬರ ಕಿವಿಗೂ ಆ ವಿಷಯ ಬೀಳಲಿಲ್ಲ.

ಅದಾದ ಮೇಲೆ ಏಳೆಂಟು ವರ್ಷ ಅಂಗಡಿ ನಡೆಯಿತು. ನಮ್ಮ ಮನೆಯ ಪಾತ್ರೆಯನ್ನು ಅವ್ವ ಒಯ್ಯುತ್ತಿದ್ದಳು, ಆಮೇಲೆ ನನ್ನ ಹೆಂಡತಿ. ಅಣ್ಣ ಅದರ ತಳಕ್ಕೂ ಎಲ್ಲರ ಪಾತ್ರೆಯ ಹಾಗೆಯೇ ಒಮ್ಮೆ ಬಡಿದು, ಬಿಸಿನೀರು ಕುಲುಕಿ, ತುಂಬಿಸಿ ಕೊಡುತ್ತಿದ್ದರಂತೆ. ನಾನು ಹೋಗುತ್ತಿರಲಿಲ್ಲ. ಅರವತ್ತರ ದಶಕದ ನಡುವಿನಲ್ಲಿ ಅವರಿಗೆ ಮೊಣಕಾಲು ನೋವು ಹೆಚ್ಚಾಯಿತು. ಅಂಗಡಿಯನ್ನು ಆ ಗ್ಯಾಂಗ್‌ಮನ್‌ಗೇ ಬಿಟ್ಟುಕೊಟ್ಟು ಯಲಹಂಕಕ್ಕೆ ತಂಗಿಯ ಮನೆಗೆ ಹೋಗುತ್ತಾರೆ ಎಂದು ತಿಳಿಯಿತು. ಹಳಿ ಕೆಲಸ ಬಿಟ್ಟಿದ್ದ ಅವನು, ಬೇಳೆ ಸೀಯಿಸದೆ ಬೇಯಿಸುವುದನ್ನು ಅವರ ಬಳಿಯೇ ಕಲಿತಿದ್ದ.

ಅಣ್ಣ ಒಲೆಯ ಮುಂದೆ ನಿಲ್ಲುವ ಕೊನೆಯ ದಿನ, ಬೆಳಿಗ್ಗೆ, ಡಿಪೋಗೆ ಹೋಗುವ ಮೊದಲು ನಾನು ಟ್ರಂಕು ತೆರೆದು ಆ ಅರ್ಜಿಯನ್ನು ತೆಗೆದೆ. ಹರಿದು ಹಾಕಲು ಎಷ್ಟೋ ಸಲ ಹೋಗಿ ಹಾಗೇ ಇಟ್ಟಿದ್ದೆ. ಬಾಯಿಬಿಟ್ಟು ಹೇಳುವ ಧೈರ್ಯ ಅವತ್ತೂ ಇರಲಿಲ್ಲ. ಅದನ್ನು ನಾಲ್ಕಾಗಿ ಮಡಿಸಿ ಅವ್ವನ ಪಾತ್ರೆಯೊಳಗೆ ಹಾಕಿದೆ. ಪಾತ್ರೆಯನ್ನು ಒಯ್ದು ಬೆಂಚಿನ ಮೇಲೆ, ಸಾಲಿನಲ್ಲಿ, ಬೇರೆ ಪಾತ್ರೆಗಳಿಂದ ಒಂದು ಬೆರಳು ಬಿಟ್ಟು ಇಟ್ಟೆ. ಅಣ್ಣ ಹಿತ್ತಿಲಲ್ಲಿ ಸೌದೆ ಒಡೆಸುತ್ತಿದ್ದರು. ಅವರು ಬರುವ ಮೊದಲೇ ಹೊರಟುಬಿಟ್ಟೆ.

ಸಂಜೆ ನಾನೇ ಹೋದೆ. ಸಾಲು ಉದ್ದವಿತ್ತು, ಕೊನೆಯ ದಿನ ಎಂದು ಎಲ್ಲರೂ ಬಂದಿದ್ದರು. ನನ್ನ ಸರದಿ ಬಂದಾಗ ಅಣ್ಣ ಅವ್ವನ ಪಾತ್ರೆಯನ್ನು ಎತ್ತಿ ಕೊಟ್ಟರು. ಆಗಲೇ ತುಂಬಿತ್ತು, ಆವಿ ಏಳುತ್ತಿತ್ತು.

"ಪಾತ್ರೇಲಿ ಒಂದು ಕಾಗ್ದ ಇತ್ತಲ್ಲ ಅಣ್ಣ" ಎಂದೆ.

"ಇತ್ತು" ಎಂದರು. ತಮ್ಮ ಹೆಬ್ಬೆರಳನ್ನು ಎತ್ತಿ ಆ ಗಾಯದ ಗೆರೆ ತೋರಿಸಿದರು. "ನನ್ ಬೆಟ್ಟು ನಂಗ್ ಗೊತ್ತಾಗಲ್ವ? ಒಲೇಗ್ ಹಾಕ್ದೆ."

"ಅಣ್ಣ, ಅದು—"

"ಇಂದೆ ಜನ ನಿಂತವ್ರೆ ಕಣಪ್ಪ. ಓಗು, ಸಾರು ಆರೋಯ್ತದೆ."

ನಾನು ಪಕ್ಕಕ್ಕೆ ಸರಿದೆ. ಹಿಡಿ ಸುಡುತ್ತಿತ್ತು. ಪಾತ್ರೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತಾ ಮನೆಗೆ ನಡೆದೆ. ಎರಡು ವರ್ಷದ ಮೇಲೆ ಅವರು ಯಲಹಂಕದಲ್ಲಿ ತೀರಿಕೊಂಡರೆಂದು ಗ್ಯಾಂಗ್‌ಮನ್ ಬಂದು ಹೇಳಿದ. ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ. ನಾನು ಹೋಗಲಿಲ್ಲ.

ಅವರು ಕ್ಷಮಿಸಿದರು ಎಂದು ನನ್ನ ಹೆಂಡತಿ ಹೇಳುತ್ತಿದ್ದಳು. ಇರಬಹುದು. ಆದರೆ ಅವರು ಹೋಗು ಎಂದಾಗ ನಾನು ಹೋಗಬಾರದಿತ್ತು. ಹಿಂದಿನವರಿಗೆ ಒಂದು ನಿಮಿಷ ತಡೆಯಿರಿ ಎಂದು ಹೇಳಿ, ಎಲ್ಲರ ಮುಂದೆ, ಆ ದಿನ ಆಫೀಸಿಗೆ ಹೋದವನು ನಾನು ಎನ್ನಬೇಕಿತ್ತು. ಸಾರು ಆರಿದರೆ ಆರಲಿ ಎನ್ನಬೇಕಿತ್ತು.